ಸತ್ತ ಡಲ್ಲಾಸ್ ಗಡಿಯಾರ, ಕಾಣೆಯಾದ ಮೈನಸ್ 5 ವೋಲ್ಟ್

486 ಪ್ರೊಸೆಸರ್ ಕಾಲದ ಹಳೆ ಕಂಪ್ಯೂಟರಿನ ಮದರ್‌ಬೋರ್ಡ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಡಲ್ಲಾಸ್ ಡಿಎಸ್1287 ಎಂಬ ದಪ್ಪನೆಯ ಕರಿ ಚಿಪ್ಪನ್ನು. ಗಡಿಯಾರದ ಐಸಿ, 32.768 ಕಿಲೊಹರ್ಟ್ಜ್ ಕ್ರಿಸ್ಟಲ್, 3 ವೋಲ್ಟಿನ ಲಿಥಿಯಂ ಸೆಲ್ ಮೂರೂ ಅದರ ಎಪಾಕ್ಸಿ ಎಂಬ ಗಟ್ಟಿ ಅಂಟಿನೊಳಗೆ ಹೂತಿವೆ. ಹತ್ತು ವರ್ಷದ ಲೆಕ್ಕಕ್ಕೆ ಇಟ್ಟ ಸೆಲ್ಲು ಈಗ ಸತ್ತಿರುತ್ತದೆ. ತಾರೀಖು ಹೋದರೆ ಹೋಗಲಿ, ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕವೂ ಅದರ ಜೊತೆಗೇ ಅಳಿಸಿಹೋಗಿ ಯಂತ್ರ ಬೂಟ್ ಆಗುವುದಿಲ್ಲ. ‘ಹೊಸದು’ ಎಂದು ಸಿಗುವ ಚಿಪ್ಪಿನ ಮೇಲಿನ ನಾಲ್ಕಂಕಿ ಓದಿ ನೋಡಿ: 9324 ಎಂದಿದ್ದರೆ ಅದು 1993ರ 24ನೇ ವಾರದ ಮಾಲು. ಅದಕ್ಕೇ ನಾನು ಹಳೆಯದನ್ನೇ ಕೊರೆದು ಹೊರಗಿನಿಂದ ಸೆಲ್ ಕೊಡುತ್ತೇನೆ.

ಚಿಪ್ಪನ್ನು ಚುಕ್ಕೆಯ ತುದಿ ಮೇಲಿರುವಂತೆ ಹಿಡಿದರೆ ಬಲಬದಿಯ ಕಾಲುಗಳ ಸಂಖ್ಯೆ ಮೇಲೆ 24, ಕೆಳಗೆ 13. ನಮಗೆ ಬೇಕಾದವು 20 ಮತ್ತು 16: 20 ಪ್ಲಸ್, 16 ಮೈನಸ್. ಇವೆರಡೂ ಸಾಕೆಟ್ಟಿಗೆ ಇಳಿಯದೆ ಮೇಲಕ್ಕೆ ಬಾಗಿ ಸೆಲ್ಲಿಗೆ ಸೇರಿವೆ. 21, 22ರ ಜಾಗವೂ ಖಾಲಿ. ಕಾಲು ಎಣಿಸಿದವರು ಎಡವುವುದು ಇಲ್ಲೇ. ಸಾಕೆಟ್ಟಿನ ತೂತು ಎಣಿಸಬೇಕು. ಮೇಲಿನಿಂದ ಐದನೆಯದು 20, ಕೆಳಗಿನಿಂದ ನಾಲ್ಕನೆಯದು 16.

ಸಣ್ಣ ಅರದಿಂದ ಆ ಎರಡು ಜಾಗದಲ್ಲಿ ಮಾತ್ರ ಪಕ್ಕವನ್ನು ನಿಧಾನ ಉಜ್ಜುತ್ತಾ ಹೋದರೆ ಕಪ್ಪಿನ ನಡುವೆ ಹೊಳೆಯುವ ಲೋಹದ ಗೆರೆ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಿ. ಮಾಸ್ಕ್ ಹಾಕಿಕೊಳ್ಳಿ, ಮೇಲ್ಭಾಗದ ಸೆಲ್ಲಿಗೆ ಅರ ತಾಗಿಸಬೇಡಿ. 20ರ ಗೆರೆಯನ್ನು ನಡುವೆ ಪೂರ್ತಿ ಕತ್ತರಿಸಿ. ಬಿಟ್ಟರೆ ಹೊಸ ಸೆಲ್ಲನ್ನು ಸತ್ತ ಸೆಲ್ಲು ಹೀರಿಬಿಡುತ್ತದೆ. ಸಿಆರ್2032 ಹೋಲ್ಡರಿನ ಪ್ಲಸ್ ತಂತಿಯನ್ನು ಕತ್ತರಿಸಿದ್ದರ ಕೆಳತುಂಡಿಗೆ, ಮೈನಸ್ಸನ್ನು 16ಕ್ಕೆ ಬೆಸೆಯಿರಿ. ಸೆಲ್ ಹಾಕುವುದು ಬೆಸುಗೆ ಆರಿದ ಮೇಲೆ. ನಡುವೆ ಡಯೋಡ್ ಬೇಡ, ಸೆಲ್ಲಿಗೆ ಕರೆಂಟು ತಿರುಗಿ ಹರಿಯದಂತೆ ತಡೆ ಐಸಿಯೊಳಗೇ ಇದೆ.

ಯಂತ್ರದ ಬಯಾಸ್ ಸೆಟಪ್‌ನಲ್ಲಿ ತಾರೀಖು, ಡಿಸ್ಕಿನ ಅಂಕಿ ತುಂಬಿ ಉಳಿಸಿ, ಒಂದು ರಾತ್ರಿ ಆರಿಸಿಡಿ. ಅಂಕಿ ಉಳಿದು ಗಡಿಯಾರ ಮಾತ್ರ ನಿಂತಿದ್ದರೆ ಎಡಬದಿಯ 2, 3ಕ್ಕೆ ಪೆಟ್ಟಾಗಿದೆ ಎಂದು ಅನುಮಾನಿಸಿ. ಕ್ರಿಸ್ಟಲ್ ಇರುವುದು ಅವುಗಳ ಮೇಲೆ.

ಇನ್ನು ಸದ್ದು. ಐಎಸ್‌ಎ ಎಂಬ ಹಳೆ ಮಾದರಿಯ ಸ್ಲಾಟಿಗೆ ಕೂರುವ ಸೌಂಡ್ ಕಾರ್ಡುಗಳಲ್ಲಿ ಕೆಲವಕ್ಕೆ ಆಂಪ್ಲಿಫೈಯರ್ ಭಾಗಕ್ಕೆ ಮೈನಸ್ 5 ವೋಲ್ಟ್ ಬೇಕು. ಈಗಿನ ಎಟಿಎಕ್ಸ್ ಮಾದರಿಯ ಪವರ್ ಸಪ್ಲೈಗಳು ಅದನ್ನು ಕೊಡುವುದೇ ಇಲ್ಲ. ಡ್ರೈವರ್ ಕಾರ್ಡನ್ನು ಗುರುತಿಸುತ್ತದೆ, ಆದರೆ ಸ್ಪೀಕರಿನಲ್ಲಿ ಸದ್ದಿಲ್ಲ, ಇಲ್ಲವೇ ಕರಕರ. ಕಾರ್ಡಿನ ಬೆಸುಗೆ ಬದಿಯಲ್ಲಿ, ಕ್ಯಾಬಿನೆಟ್ಟಿಗೆ ಬಿಗಿಯುವ ಲೋಹದ ಪಟ್ಟಿಯ ಕಡೆಯಿಂದ ಐದನೇ ಚಿನ್ನದ ಹಲ್ಲು, ಅಂದರೆ ಬಿ5ರಿಂದ ಗೆರೆ ಹೊರಟಿದ್ದರೆ ಆ ಕಾರ್ಡಿಗೆ ಅದು ಬೇಕೆಂದೇ ಲೆಕ್ಕ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 7905 ಎಂಬ ಮೈನಸ್ 5 ವೋಲ್ಟಿನ ರೆಗ್ಯುಲೇಟರ್ ಐಸಿ ಕೇಳಿದರೆ ಸಿಗುತ್ತದೆ. ಪವರ್ ಸಪ್ಲೈನ ನೀಲಿ ತಂತಿಯ ಮೈನಸ್ 12 ವೋಲ್ಟ್ ಅದರ ನಡುವಿನ ಕಾಲಿಗೆ, ಅಕ್ಷರ ನಮ್ಮ ಕಡೆಗಿದ್ದಾಗ ಎಡಗಾಲು ಗ್ರೌಂಡಿಗೆ, ಬಲಗಾಲಿನಿಂದ ಮೈನಸ್ 5. ಪ್ಲಸ್ 5 ಕೊಡುವ 7805ರ ರೂಢಿಯಲ್ಲಿ ಜೋಡಿಸಿದರೆ ಐಸಿ ಸುಡುತ್ತದೆ. ವೋಲ್ಟ್ ಒಳಬರುವ ಕಾಲಿಗೆ 2.2, ಹೊರಹೋಗುವ ಕಾಲಿಗೆ 1 ಮೈಕ್ರೊಫ್ಯಾರಡ್ ಟ್ಯಾಂಟಲಮ್ ಕೆಪಾಸಿಟರ್. ಎರಡರ ಪ್ಲಸ್ ಕಾಲೂ ಗ್ರೌಂಡಿಗೇ. 7905ರ ಬೆನ್ನಿನ ಲೋಹದಲ್ಲಿ ಮೈನಸ್ 12 ಇರುತ್ತದೆ, ಅಭ್ರಕದ ಹಾಳೆಯಿಲ್ಲದೆ ಕ್ಯಾಬಿನೆಟ್ಟಿಗೆ ತಿರುಪು ಬಿಗಿಯಬೇಡಿ. ಬಲಗಾಲಿನ ತಂತಿಯನ್ನು ಮದರ್‌ಬೋರ್ಡ್‌ಗೆ ಬಿಳಿ ತಂತಿ ಬರಬೇಕಿದ್ದ ಪಿನ್ನಿಗೆ ಕೊಡಿ: 20 ಕಾಲಿನ ಎಟಿಎಕ್ಸ್ ಪ್ಲಗ್ಗಿನಲ್ಲಿ ಅದು 18ನೆಯದು. ಕಾರ್ಡಿಲ್ಲದೆ ಯಂತ್ರ ಚಾಲೂ ಮಾಡಿ, ಖಾಲಿ ಸ್ಲಾಟಿನ ಬಿ5ರಲ್ಲಿ ಮೀಟರು ಮೈನಸ್ 4.8ರಿಂದ 5.2ರೊಳಗೆ ತೋರಿಸಿದರೆ ಆರಿಸಿ, ಆಮೇಲೆ ಕಾರ್ಡ್ ಕೂರಿಸಿ.