ಕಟಕಿ ಎಷ್ಟು, ಕಥೆ ಎಷ್ಟು?

ಹದಿಹರೆಯದವರಿಗೆಂದು ನಾನು ಬರೆದ ಮೊದಲ ಕಾದಂಬರಿಯ ಕರಡು ಓದಿದವಳು ನನ್ನ ಅಕ್ಕನ ಮಗಳು. ಆಗ ಅವಳಿಗೆ 16 ವರ್ಷ. 60 ಪುಟ ಓದಿ ವಾಪಸ್ ಕೊಟ್ಟಳು. “ಚಿಕ್ಕಮ್ಮಾ, ತುಂಬಾ ನಗು ಬಂತು. ಆದ್ರೆ ಮುಂದೇನಾಗುತ್ತೆ ಅಂತ ಒಂದ್ಸಲವೂ ಅನ್ನಿಸ್ಲಿಲ್ಲ. ಇದ್ರಲ್ಲಿ ಎಲ್ರೂ ಪೆದ್ದರು, ನೀನೊಬ್ಬಳೇ ಜಾಣೆ” ಅಂದಳು.

ಎರಡು ದಿನ ಅವಳ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ಕರಡು ತೆಗೆದು ನೋಡಿದೆ. ಅವಳು ಹೇಳಿದ್ದು ಸರಿ ಇತ್ತು.

ನನ್ನ ಕಥೆ ಇಷ್ಟು. ಒಂದು ಶಾಲೆ. ಮಕ್ಕಳು ಸದಾ ನಗುನಗುತ್ತಾ ಇರಬೇಕು ಅನ್ನುವುದು ಅಲ್ಲಿನ ನಿಯಮ. ಬಾಗಿಲಲ್ಲಿ ಒಂದು ಕ್ಯಾಮೆರಾ ಕೂತು ನಗು ಎಣಿಸುತ್ತದೆ. ತಿಂಗಳಿಗೆ 400 ನಗು ಆಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದರ ಮೇಲೆ ನಾನು ಪ್ರಾಂಶುಪಾಲರ ಭಾಷಣ, ಸಂತೋಷ ಸಮಿತಿಯ ಸಭೆ, 11 ಸುತ್ತೋಲೆ ಎಲ್ಲಾ ಬರೆದು ಗುಡ್ಡೆ ಹಾಕಿದ್ದೆ. ಚೆನ್ನಾಗೇ ಇದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಆ 60 ಪುಟದಲ್ಲಿ ಯಾರಿಗೂ ಏನೂ ಬೇಕಾಗಿರಲಿಲ್ಲ.

ಹಾಗಾಗಿ ಹದಿಹರೆಯದವರಿಗೆ ವಿಡಂಬನೆಯ ಕಾದಂಬರಿ ಬರೆಯಲು ಹೊರಟಿದ್ದರೆ ನೀವು ಅಲ್ಲಿಂದಲೇ ಶುರು ಮಾಡಿ. ಯಾವುದನ್ನು ಗೇಲಿ ಮಾಡಬೇಕು ಅಂತ ಹುಡುಕುವ ಮೊದಲು, ನಿಮ್ಮ ಹುಡುಗನಿಗೋ ಹುಡುಗಿಗೋ ಏನು ಬೇಕು ಅಂತ ಒಂದು ಸಾಲು ಬರೆಯಿರಿ. ಅದರ ಕೆಳಗೆ, ನೀವು ಗೇಲಿ ಮಾಡುತ್ತಿರುವ ವಸ್ತು ಅದಕ್ಕೆ ಹೇಗೆ ಅಡ್ಡ ಬರುತ್ತದೆ ಅಂತ ಇನ್ನೊಂದು ಸಾಲು. ಎರಡನೇ ಸಾಲು ಬರೆಯಲು ಆಗಲಿಲ್ಲವಾದರೆ ನಿಮ್ಮ ಹತ್ತಿರ ಇರುವುದು ಒಳ್ಳೆಯ ಜೋಕು. ಕಾದಂಬರಿ ಇನ್ನೂ ಹುಟ್ಟಿಲ್ಲ.

ನಾನು ಬರೆದದ್ದು ಹೀಗೆ: ಮೂರು ವಾರದ ಹಿಂದೆ ಅಪ್ಪನನ್ನು ಕಳೆದುಕೊಂಡ ಹುಡುಗಿಗೆ ಈ ವರ್ಷ ಪರೀಕ್ಷೆ ಮುಗಿಸಿ ಆ ಶಾಲೆಯಿಂದ ಹೊರಬೀಳಬೇಕು. ಅವಳ ಲೆಕ್ಕದಲ್ಲಿ 140 ನಗು ಕಮ್ಮಿ ಇದೆ.

ಕ್ಯಾಮೆರಾ ಅದೇ, ಬಾಗಿಲೂ ಅದೇ. ಆದರೆ ಈಗ ಓದುವವರಿಗೆ ನಗುವಾಗಲೇ ಗಂಟಲು ಕಟ್ಟುತ್ತದೆ. ಗೆಳತಿ ಅವಳಿಗೆ ಕನ್ನಡಿ ಮುಂದೆ ಸುಳ್ಳು ನಗು ಕಲಿಸುವ ಅಧ್ಯಾಯ ತಾನಾಗೇ ಬಂತು. ನಾನು ಹುಡುಕಿಕೊಂಡು ಹೋಗಲಿಲ್ಲ.

ಇದಕ್ಕೊಂದು ಕಾರಣವಿದೆ. ವಿಡಂಬನೆ ಸಣ್ಣ ಓಟದ ಕುದುರೆ. ಐರ್ಲೆಂಡಿನ ಲೇಖಕ ಜೋನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ‘ಎ ಮಾಡೆಸ್ಟ್ ಪ್ರೊಪೋಸಲ್’ ನೋಡಿ. ಐರ್ಲೆಂಡಿನ ಬಡತನ ನೀಗಬೇಕಾದರೆ ಬಡವರ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಿ ಅನ್ನುತ್ತಾನೆ ಅದರ ನಿರೂಪಕ. 1,20,000 ಮಕ್ಕಳಲ್ಲಿ 20,000 ಮಕ್ಕಳನ್ನು ಸಂತಾನಕ್ಕೆಂದು ಉಳಿಸಿಕೊಳ್ಳೋಣ ಅಂತ ಲೆಕ್ಕ ಬೇರೆ ಕೊಡುತ್ತಾನೆ. ಒಂದು ಸಲವೂ ಹಲ್ಲು ಕಿಸಿಯುವುದಿಲ್ಲ. ಅದರಿಂದಲೇ ಮೈ ಜುಮ್ಮೆನ್ನುತ್ತದೆ. ಆದರೆ ಅದು ಕೆಲವೇ ಪುಟಗಳ ಬರಹ. ಅದೇ ದನಿಯಲ್ಲಿ 250 ಪುಟ ಓದಿಸಲು ಹೋದರೆ ಯಾರೂ ಕೂರುವುದಿಲ್ಲ. ಉದ್ದದ ದಾರಿಗೆ ಓದುವವರ ಕೈ ಹಿಡಿಯಲು ಒಬ್ಬರು ಬೇಕು.

ಸ್ವಿಫ್ಟ್‌ನಿಂದ ಕದಿಯಬೇಕಾದದ್ದು ಆ ಗಂಭೀರ ಮುಖ. ನಿಮ್ಮ ಪಾತ್ರಗಳಿಗೆ ತಾವು ವಿಡಂಬನೆಯಲ್ಲಿ ಇದ್ದೇವೆ ಅಂತ ಗೊತ್ತಿರಬಾರದು. ನನ್ನ ಮೊದಲ ಕರಡಿನಲ್ಲಿ ಪ್ರಾಂಶುಪಾಲರು ಕೋಡಂಗಿಯ ಹಾಗೆ ಕುಣಿಯುತ್ತಿದ್ದರು. ಎರಡನೆಯದರಲ್ಲಿ ಅವರು ಆ ಕ್ಯಾಮೆರಾವನ್ನು ಮನಸಾರೆ ನಂಬುತ್ತಾರೆ. ಹಿಂದೆ ಅವರ ಒಬ್ಬ ವಿದ್ಯಾರ್ಥಿ ಒಳಗೊಳಗೇ ಕುಸಿದುಹೋಗಿದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನು ಯಾರೂ ತಪ್ಪಿಹೋಗಬಾರದು ಅಂತ ಕ್ಯಾಮೆರಾ ಹಾಕಿಸಿದ್ದಾರೆ. ಈಗ ಅವರ ಮೇಲೆ ಸಿಟ್ಟು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ದೊಡ್ಡವರೆಲ್ಲ ಮೂರ್ಖರು ಅಂತ ಬರೆದರೆ ಹದಿನಾರರ ಓದುಗರು ಖುಷಿಪಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಮೊದಲ ಅಧ್ಯಾಯಕ್ಕೆ ನಿಜ. ಐದನೆಯದರ ಹೊತ್ತಿಗೆ ಬೇಜಾರು ಬಂದಿರುತ್ತದೆ.

ಲೋಕದ ನಿಯಮದ ಬಗ್ಗೆ ಒಂದು ಮಾತು. ಒಂದೇ ಒಂದು ಹುಚ್ಚು ನಿಯಮ ಇಟ್ಟುಕೊಳ್ಳಿ, ಉಳಿದದ್ದೆಲ್ಲ ನಿಜಲೋಕದ ಹಾಗೇ ನಡೆಯಲಿ. ಆಮೇಲೆ ಆ ನಿಯಮವನ್ನು ಪ್ರಶ್ನೆ ಕೇಳುತ್ತಾ ಹೋಗಿ. ಕ್ಯಾಮೆರಾ ಕೆಟ್ಟ ದಿನ ಏನಾಗುತ್ತದೆ? ಹಲ್ಲಿಗೆ ತಂತಿ ಹಾಕಿಸಿಕೊಂಡವರ ಗತಿ? ನಗು ಜಾಸ್ತಿ ಇರುವವರು ಕಮ್ಮಿ ಇರುವವರಿಗೆ ಸಾಲ ಕೊಡಬಹುದಾ? ನನಗೆ ಮೊದಲ ಪ್ರಶ್ನೆಯಿಂದಲೇ ಒಂದು ಅಧ್ಯಾಯ ಸಿಕ್ಕಿತು. ಕ್ಯಾಮೆರಾ ಕೆಟ್ಟಿದೆ. ಕಾವಲುಗಾರ ನೋಟ್‌ಬುಕ್ ಹಿಡಿದು ನಿಂತಿದ್ದಾನೆ. 600 ಮಕ್ಕಳು ಸಾಲಾಗಿ ಬಂದು ಅವನ ಮುಖ ನೋಡಿ ನಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅವನು ಅಳುತ್ತಿರುತ್ತಾನೆ. ಅವನನ್ನು ನೋಡಿ ಅಷ್ಟು ಜನ ನಕ್ಕಿದ್ದು ಅದೇ ಮೊದಲು.

ಯಾರಿಗೆ ಹೊಡೆಯಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಹಟಮಾರಿ. ನಿಯಮ ಮಾಡುವವರಿಗೆ ಹೊಡೆಯಿರಿ. ಅದರಡಿ ಸಿಕ್ಕ ಮಕ್ಕಳಿಗಲ್ಲ. ಸದಾ ಫೋನಿನಲ್ಲೇ ಮುಳುಗಿರುವ ಹುಡುಗಿಯನ್ನು ಲೇವಡಿ ಮಾಡುವುದು ಸುಲಭ. ಓದುವ ಮಕ್ಕಳಿಗೆ ಅದು ವಿಡಂಬನೆಯ ಹಾಗೆ ಕೇಳಿಸುವುದಿಲ್ಲ, ಮನೆಯಲ್ಲಿ ದಿನಾ ಕೇಳುವ ಬೈಗುಳದ ಹಾಗೆ ಕೇಳಿಸುತ್ತದೆ. ಹಾಗಂತ ನಾಯಕಿಯನ್ನು ಶುದ್ಧ ಚಿನ್ನ ಮಾಡಬೇಡಿ. ಅವಳ ಕೈಗೂ ಸ್ವಲ್ಪ ಮಸಿ ಹತ್ತಿರಲಿ.

ಈ ಕೆಲಸ ಎಷ್ಟು ಚೆನ್ನಾಗಿ ಆಗಬಹುದು ಅನ್ನುವುದಕ್ಕೆ ಅಮೆರಿಕದ ಲೇಖಕ ಎಂ. ಟಿ. ಆಂಡರ್ಸನ್ 2002ರಲ್ಲಿ ತಂದ ‘ಫೀಡ್’ ಕಾದಂಬರಿ ಇದೆ. ಬಹುಪಾಲು ಜನರ ತಲೆಯೊಳಗೆ ಒಂದು ಯಂತ್ರ, ಅದು ಯಾವಾಗಲೂ ಜಾಹೀರಾತು ಸುರಿಯುತ್ತಿರುತ್ತದೆ. ಮೊದಮೊದಲು ನಗು ಬರುತ್ತದೆ. ಕಥೆ ಹೇಳುವ ಹುಡುಗ ಟೈಟಸ್ ಆ ಲೋಕದಲ್ಲಿ ಆರಾಮಾಗಿದ್ದಾನೆ. ಅವನ ಗೆಳತಿ ವಯಲೆಟ್ ಬೇಕಂತಲೇ ತಲೆಬುಡ ಇಲ್ಲದ ವಸ್ತುಗಳನ್ನು ಕೇಳುತ್ತಾ, ತನ್ನ ರುಚಿ ಏನು ಅಂತ ಕಂಪನಿಗೆ ಸಿಗದ ಹಾಗೆ ಮಾಡುತ್ತಾಳೆ. ಮುಂದೆ ಅವಳ ಯಂತ್ರ ಕೆಡುತ್ತದೆ, ಜೀವಕ್ಕೇ ಅಪಾಯ ಬರುತ್ತದೆ. ಆಗ ಇಂಥ ಗಿರಾಕಿಯ ಮೇಲೆ ಹಣ ಹಾಕಿ ಲಾಭವಿಲ್ಲ ಅಂತ ಸಹಾಯ ಸಿಗುವುದಿಲ್ಲ. ಶುರುವಿನ ತಮಾಷೆಯೇ ವಾಪಸ್ ಬಂದು ಕತ್ತು ಹಿಡಿಯಿತು, ಅಲ್ವಾ? ನಿಮ್ಮ ಮೊದಲ 50 ಪುಟದ ಅತಿ ಒಳ್ಳೆಯ ಜೋಕನ್ನು ಗುರುತು ಮಾಡಿಕೊಳ್ಳಿ. ಕೊನೆಯ 50 ಪುಟದಲ್ಲಿ ಅದು ಯಾರಿಗೆ ನೋವು ಕೊಡಬಹುದು ಅಂತ ಯೋಚಿಸಿ.

ಇನ್ನು ನಾಯಕಿಯ ಬಾಯಿ. ಈ ವಯಸ್ಸಿನ ಪಾತ್ರಗಳು ಕೊಂಕು ಮಾತಾಡುತ್ತವೆ, ಆಡಲಿ. ಆದರೆ ಕೊಂಕು ಅವರಿಗೆ ಗುರಾಣಿ. ಅದು ಯಾವಾಗ ಕೆಳಗೆ ಬೀಳುತ್ತದೆ ಅಂತ ನಿಮಗೆ ಗೊತ್ತಿರಬೇಕು. ನನ್ನ ಹುಡುಗಿ ಇಡೀ ಪುಸ್ತಕದಲ್ಲಿ ಪಟಪಟ ಮಾತಾಡುತ್ತಾಳೆ. ಅಪ್ಪನ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇರುವುದನ್ನು ನೋಡುವ ಪುಟದಲ್ಲಿ ಅವಳಿಗೆ ಒಂದು ಮಾತೂ ಬರುವುದಿಲ್ಲ. ಅಲ್ಲಿ ಮೊದಲು ನಾನೊಂದು ಜೋಕು ಹಾಕಿದ್ದೆ. ಚೆನ್ನಾಗಿತ್ತು ಅನ್ನುವುದೇ ತೊಂದರೆ. ತೆಗೆಯಲು ಒಂದು ವಾರ ಬೇಕಾಯಿತು. ನೋವಿನ ಪುಟದಲ್ಲಿ ಬರೆಯುವವರಿಗೆ ಜೋಕು ಹೊಳೆದರೆ, ಬಹಳ ಸಲ ಅದು ಅವರಿಗೇ ಆ ಪುಟದ ಭಯ ಇದೆ ಅಂತ ಅರ್ಥ.

ಕರಡು ಮುಗಿದ ಮೇಲೆ ಎರಡು ಪೆನ್ಸಿಲ್ ತೆಗೆದುಕೊಳ್ಳಿ. ಬರೀ ಗೇಲಿಗೆಂದು ಇರುವ ಸಾಲಿಗೆ ಕೆಂಪು, ಯಾರಾದರೂ ಏನನ್ನಾದರೂ ಮಾಡುವ ಇಲ್ಲಾ ನಿರ್ಧರಿಸುವ ಸಾಲಿಗೆ ನೀಲಿ. ಎರಡೂ ಆದ ಸಾಲಿಗೆ ಎರಡೂ ಬಣ್ಣ. ಸತತ ಎರಡು ಪುಟ ಬರೀ ಕೆಂಪಾದರೆ ಕಥೆ ನಿಂತಿದೆ. ನನ್ನ 11 ಸುತ್ತೋಲೆಗಳಲ್ಲಿ ಮೂರು ಉಳಿದವು. ಒಂದೊಂದು ಬಂದಾಗಲೂ ಹುಡುಗಿಗೆ ಇರುವ ದಾರಿ ಇನ್ನಷ್ಟು ಕಿರಿದಾಗುತ್ತದೆ, ಅದಕ್ಕೇ ಉಳಿದವು.

ಈಗ ಓಡುತ್ತಿರುವ ಪಡ್ಡೆ ಮಾತುಗಳನ್ನು ತುಂಬಬೇಡಿ, ಪುಸ್ತಕ ಅಚ್ಚಾಗುವ ಹೊತ್ತಿಗೆ ಹಳಸಿರುತ್ತವೆ. ಎರಡು ಮೂರು ಪದ ನೀವೇ ಕಟ್ಟಿ. ನನ್ನ ಶಾಲೆಯ ಮಕ್ಕಳು ಸುಳ್ಳು ನಗುವಿಗೆ ‘ಬಾಗಿಲು’ ಅನ್ನುತ್ತಾರೆ. “ಅವಳು ನಂಗೆ ಬಾಗಿಲು ಹಾಕಿದ್ಲು.”

ಮುಕ್ತಾಯದಲ್ಲಿ ಇಡೀ ವ್ಯವಸ್ಥೆ ಉರುಳಿಬೀಳಬೇಕಾಗಿಲ್ಲ. ನನ್ನ ಶಾಲೆಯಲ್ಲಿ ಕ್ಯಾಮೆರಾ ಕೊನೆಗೂ ಅಲ್ಲೇ ಇರುತ್ತದೆ ಅಂತ ಮಾತ್ರ ತೀರ್ಮಾನಿಸಿದ್ದೆ. ಅದರ ಮುಂದೆ ಹುಡುಗಿ ಏನು ಮಾಡುತ್ತಾಳೆ ಅನ್ನುವುದನ್ನು ನಾಲ್ಕು ಸಲ ಬರೆದು ಹರಿದೆ.

ಎರಡನೇ ಕರಡನ್ನು ಅಕ್ಕನ ಮಗಳು ಒಂದೇ ರಾತ್ರಿಯಲ್ಲಿ ಓದಿದಳು. ವಾಪಸ್ ಕೊಡುವಾಗ ನಗು ಬಂತು ಅಂತ ಹೇಳಲೇ ಇಲ್ಲ. “ಆ 140 ತುಂಬಿಸಿದ್ಲಾ ಇಲ್ವಾ? ಕೊನೇ ಪುಟ ಎಲ್ಲಿ, ಯಾಕೆ ಇಟ್ಕೊಂಡಿದ್ದೀಯಾ?” ಅಂತ ಕೇಳಿದಳು.

ಬರೆದಿರಲಿಲ್ಲ, ಅದಕ್ಕೇ. ಆವತ್ತೇ ರಾತ್ರಿ ಕೂತೆ.