ಎರಡು ಸೈಕಲ್, ಎರಡು ಸೆನ್ಸಾರ್, ಒಂದು ಮಂಡಿ ನೋವು

ನನ್ನ ಮೊದಲ ಎಲೆಕ್ಟ್ರಿಕ್ ಸೈಕಲ್ ಹೋಗಿ ಆಟೋ ಹಿಂಭಾಗಕ್ಕೆ ಮುತ್ತಿಟ್ಟ ದಿನವೇ, ಪೆಡಲ್ ಸೆನ್ಸಾರ್ ಅಂತ ಒಂದು ಇರುತ್ತದೆ ಅನ್ನುವುದು ನನಗೆ ಗೊತ್ತಾದದ್ದು.

ಮೈಸೂರಿನ ಸರಸ್ವತಿಪುರಂ, ಬೆಳಿಗ್ಗೆ ಒಂಬತ್ತರ ಹೊತ್ತು. ಮುಂದಿನ ಗಾಡಿಗಳೆಲ್ಲ ತೆವಳುತ್ತಿದ್ದವು. ನಾನು ಹೋಗಬೇಕಿದ್ದದ್ದು ಎರಡೇ ಅಡಿ. ಸೈಕಲ್ ವಾಲದಿರಲಿ ಅಂತ ಪೆಡಲನ್ನು ಅರ್ಧ ಸುತ್ತು ತಿರುಗಿಸಿದೆ, ಅಷ್ಟೇ. ಮೋಟಾರ್ ಲೆವೆಲ್ ಮೂರರಲ್ಲಿತ್ತು. ಅದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಹಿಂದಿನಿಂದ ಯಾರೋ ನೂಕಿದ ಹಾಗೆ ಎಳೆದುಕೊಂಡು ಹೋಯಿತು. ಆಟೋಗೆ ಏನೂ ಆಗಲಿಲ್ಲ. ಆಟೋದವರು ತಿರುಗಿ ನೋಡಿ, ‘ಏನ್ ಸಾರ್, ಸೈಕಲ್ಲಲ್ಲೂ ಗುದ್ದುತೀರಲ್ಲ’ ಅಂದರು. ಅವಮಾನ ಆಯ್ತು.

ನಾನು ಶಾಲಾ ಮೇಷ್ಟ್ರು. ಕುವೆಂಪುನಗರದ ಮನೆಯಿಂದ ಒಂಟಿಕೊಪ್ಪಲಿನ ಶಾಲೆಗೆ ಹೋಗಿ ಬರಲು ಹೆಚ್ಚುಕಡಿಮೆ 12 ಕಿಲೋಮೀಟರ್. ವಯಸ್ಸು 48. ಬಲ ಮಂಡಿ ಸ್ವಲ್ಪ ಕೈಕೊಟ್ಟಿದೆ. ಸೈಕಲ್ ತುಳಿಯಿರಿ, ಆದರೆ ಜಾಸ್ತಿ ಒತ್ತಿ ತುಳಿಯಬೇಡಿ ಅಂತ ಡಾಕ್ಟರ್ ಹೇಳಿದ್ದರು. ಅದಕ್ಕೇ ಎಲೆಕ್ಟ್ರಿಕ್. ಕೊಳ್ಳುವಾಗ ನಾನು ನೋಡಿದ್ದು ಬಣ್ಣ, ಬೆಲೆ, ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಅನ್ನುವುದು, ಇಷ್ಟೇ. ಪೆಡಲಿನ ಹತ್ತಿರ ಏನಿದೆ ಅಂತ ಬಗ್ಗಿ ನೋಡಿರಲಿಲ್ಲ.

ಆಟೋ ಪ್ರಸಂಗದ ಸಂಜೆ ಬಗ್ಗಿ ನೋಡಿದೆ. ಪೆಡಲ್ ಕೂತಿರುವ ತೋಳಿನ, ಅಂದರೆ ಕ್ರ್ಯಾಂಕಿನ ಹಿಂದೆ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಅದರ ಸುತ್ತ ಸಣ್ಣ ಮ್ಯಾಗ್ನೆಟ್‌ಗಳು. ನನ್ನದರಲ್ಲಿ ಹನ್ನೆರಡು. ಪಕ್ಕದಲ್ಲಿ, ಎರಡು ಮೂರು ಮಿಲಿಮೀಟರ್ ಬಿಟ್ಟು, ವೈರ್ ಇರುವ ಒಂದು ಪುಟ್ಟ ಕಡ್ಡಿ. ಪೆಡಲ್ ತಿರುಗಿದರೆ ಮ್ಯಾಗ್ನೆಟ್‌ಗಳು ಆ ಕಡ್ಡಿಯ ಮುಂದೆ ಹಾದುಹೋಗುತ್ತವೆ, ಕಡ್ಡಿ ಅದನ್ನು ಎಣಿಸುತ್ತದೆ. ಕೇಡೆನ್ಸ್ ಸೆನ್ಸಾರ್ ಅಂದರೆ ಇದೇ. ಪೆಡಲ್ ತಿರುಗುತ್ತಿದೆಯಾ ಇಲ್ವಾ ಅನ್ನುವುದಷ್ಟೇ ಅದಕ್ಕೆ ಗೊತ್ತು. ನೀವು ದಿಣ್ಣೆ ಹತ್ತುತ್ತಿದ್ದೀರೋ, ಹಂಪ್ ದಾಟುತ್ತಿದ್ದೀರೋ, ಆಟೋ ಹಿಂದೆ ನಿಂತಿದ್ದೀರೋ, ಅದಕ್ಕೆ ಎಲ್ಲಾ ಒಂದೇ. ತಿರುಗುತ್ತಿದೆ ಅಂದರೆ ಲೆವೆಲ್ಲಿಗೆ ತಕ್ಕಷ್ಟು ಮೋಟಾರ್ ಬಿಡುತ್ತದೆ. ಒಂದಷ್ಟು ಮ್ಯಾಗ್ನೆಟ್ ಹಾದುಹೋದ ಮೇಲೇ ಖಾತ್ರಿ ಆಗುವುದರಿಂದ ಶುರುವಾಗುವುದು ತಡ. ತುಳಿಯುವುದು ನಿಲ್ಲಿಸಿದರೂ ಮೋಟಾರ್ ನಿಲ್ಲುವುದು ಒಂದು ಗಳಿಗೆ ತಡ. ಬ್ರೇಕ್ ಲಿವರಿನಲ್ಲಿ ಮೋಟಾರ್ ಕಟ್ ಮಾಡುವ ಸ್ವಿಚ್ ಇರುತ್ತದೆ, ನಿಜ. ಆದರೆ ಬ್ರೇಕ್ ಹಿಡಿಯಬೇಕಾದವನು ನಾನೇ ಅಲ್ವಾ!

ಟಾರ್ಕ್ ಸೆನ್ಸಾರ್ ಬೇರೆ ಜಾತಿ. ಅದು ಸಾಮಾನ್ಯವಾಗಿ ಎರಡು ಪೆಡಲ್ ಕೂಡಿಸುವ ಆಕ್ಸಲ್ ಒಳಗೆ ಕೂತಿರುತ್ತದೆ. ನೀವು ಒತ್ತಿದಾಗ ಆ ಲೋಹ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆದು, ಎಷ್ಟು ಒತ್ತಿದಿರೋ ಅಷ್ಟಕ್ಕೆ ತಕ್ಕ ಹಾಗೆ ಮೋಟಾರ್ ಕೈಜೋಡಿಸುತ್ತದೆ. ಮೆಲ್ಲಗೆ ತುಳಿದರೆ ಮೆಲ್ಲಗೆ, ಜೋರಾಗಿ ತುಳಿದರೆ ಜೋರಾಗಿ. ಇದೇನೂ ಹೊಸದಲ್ಲ. ಜಪಾನಿನಲ್ಲಿ ಯಮಹಾ 1993ರಲ್ಲೇ ಇಂಥ ಸೈಕಲ್ ಮಾರಿತ್ತು. ಅಲ್ಲಿನ ಕಾನೂನೇ ಹಾಗಿದೆ: ಗಂಟೆಗೆ 10 ಕಿ.ಮೀ. ತನಕ ಸವಾರನ ಬಲದ ಎರಡು ಪಟ್ಟು ಸಹಾಯ, ಆಮೇಲೆ ಕಡಿಮೆಯಾಗುತ್ತಾ 24ಕ್ಕೆ ಸೊನ್ನೆ. ಬಲವನ್ನೇ ಅಳೆಯದೆ ಈ ಲೆಕ್ಕ ಹೇಗೆ ಸಾಧ್ಯ? ನಮ್ಮಲ್ಲಿ 250 ವ್ಯಾಟ್ ಒಳಗೆ, 25 ಕಿ.ಮೀ. ವೇಗದ ಒಳಗೆ ಇದ್ದರೆ ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡ. ಸೆನ್ಸಾರ್ ಯಾವುದು ಅಂತ ಯಾರೂ ಕೇಳುವುದಿಲ್ಲ.

ಎರಡನೇ ಸೈಕಲ್ ಹುಡುಕುವಾಗ ಮೂರು ಅಂಗಡಿ ಸುತ್ತಿದೆ. ಟಾರ್ಕ್ ಸೆನ್ಸಾರಾ ಅಂತ ಕೇಳಿದರೆ ಒಂದು ಕಡೆ, ‘ಎಲ್ಲಾ ಸೆನ್ಸಾರೇ ಸಾರ್, ಪೆಡಲ್ ಅಸಿಸ್ಟ್ ಇದೆ’ ಅಂದರು. ಪೆಡಲ್ ಅಸಿಸ್ಟ್ ಅನ್ನುವುದು ಎರಡಕ್ಕೂ ಹೇಳುವ ಮಾತು. ಹಾಗಾಗಿ ನಾನೇ ಒಂದು ಉಪಾಯ ಮಾಡಿಕೊಂಡೆ. ಸ್ವಿಚ್ ಆನ್ ಮಾಡಿಸಿ, ಅಂಗಡಿ ಹುಡುಗನಿಗೆ ಸೀಟ್ ಹಿಡಿದು ಹಿಂದಿನ ಚಕ್ರ ಎತ್ತಲು ಹೇಳುವುದು. ನಾನು ಪೆಡಲನ್ನು ಬೆರಳಲ್ಲಿ ಮೆಲ್ಲಗೆ ಮುಂದಕ್ಕೆ ತಿರುಗಿಸುವುದು. ಕೇಡೆನ್ಸ್ ಆದರೆ ಚಕ್ರ ರೊಯ್ಯನೆ ತಿರುಗುತ್ತದೆ. ಟಾರ್ಕ್ ಆದರೆ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ, ಯಾಕೆಂದರೆ ಬೆರಳಲ್ಲಿ ಬಲವೇ ಇಲ್ಲ. ‘ಪಕ್ಕಾ ಟಾರ್ಕ್’ ಅಂದ ಒಂದು ಸೈಕಲ್ ಹೀಗೇ ರೊಯ್ಯಂತ ಸಿಕ್ಕಿಬಿತ್ತು.

ಆಮೇಲೆ ಓಡಿಸಿ ನೋಡಬೇಕು, ಅದೂ ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಿ ಅಲ್ಲ. ಸಪಾಟಿನಲ್ಲಿ ಎರಡೂ ಚೆನ್ನಾಗಿಯೇ ಇರುತ್ತವೆ. ನಾನು ದಿಣ್ಣೆ ಮಧ್ಯೆ ನಿಲ್ಲಿಸಿ ಅಲ್ಲಿಂದ ಹೊರಟೆ. ಕೇಡೆನ್ಸ್ ಸೈಕಲ್ಲಿನಲ್ಲಿ ಆ ಮೊದಲ ಅರ್ಧ ಸುತ್ತು ಪೂರ್ತಿ ಮಂಡಿಯ ಮೇಲೆ. ಯಾವಾಗ ಸಹಾಯ ಬೇಕೋ ಆಗಲೇ ಇಲ್ಲ! ಥ್ರಾಟಲ್ ತಿರುಗಿಸಿ ಹೊರಡಬಹುದು, ನಾನೂ ಹಾಗೇ ಮಾಡುತ್ತಿದ್ದೆ. ಟಾರ್ಕಿನಲ್ಲಿ ಕಾಲು ಒತ್ತಿದ ತಕ್ಷಣ ಮೋಟಾರ್ ಜೊತೆಗಿತ್ತು. ಇನ್ನೊಂದು ಪರೀಕ್ಷೆ, ಸಣ್ಣ ಗಲ್ಲಿಯಲ್ಲಿ ಕಾಲು ಊರದೆ ಯೂ ಟರ್ನ್. ಇದರಲ್ಲಿ ನನ್ನ ಹಳೇ ಸೈಕಲ್ ಪ್ರತಿ ಸಲ ಫೇಲ್.

ಒಂದೂವರೆ ಪಟ್ಟು ಜಾಸ್ತಿ ಕೊಟ್ಟು ಟಾರ್ಕ್ ತಂದೆ. ಹಳೆಯದನ್ನು ಮಾರಲು ಹೊರಟಾಗ ಹೆಂಡತಿ ತಡೆದಳು. ‘ಅದು ನನಗಿರಲಿ ಬಿಡಿ. ಸುಮ್ನೆ ಕಾಲು ಆಡಿಸಿದ್ರೆ ಓಡುತ್ತೆ.’

ಬ್ಯಾಟರಿ ವಿಷಯದಲ್ಲಿ ವ್ಯತ್ಯಾಸ ಕಾಣಿಸಿತು. ಎರಡರದ್ದೂ 36 ವೋಲ್ಟ್, 7.65 ಆಂಪಿಯರ್ ಅವರ್, ಅಂದರೆ ಸುಮಾರು 275 ವ್ಯಾಟ್ ಅವರ್. ಹಳೆಯದು ನನಗೆ 25 ಕಿ.ಮೀ. ಕೊಡುತ್ತಿತ್ತು. ಹೊಸದು 35 ದಾಟುತ್ತದೆ. ಇದರಲ್ಲಿ ಮಾಯ ಏನೂ ಇಲ್ಲ. ಟಾರ್ಕ್ ಸೈಕಲ್ ನನ್ನಿಂದ ಕೆಲಸ ಮಾಡಿಸುತ್ತದೆ, ಹಳೆಯದರಲ್ಲಿ ನಾನು ಕಾಲು ಆಡಿಸುವ ನಾಟಕ ಮಾಡುತ್ತಿದ್ದೆ.

ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೂ ಹೋದೆ. ಮೊದಲು ಲೆಕ್ಕ ಹಾಕಿದೆ, ಗಣಿತದ ಮೇಷ್ಟ್ರಲ್ವಾ. ನಾನೂ ಸೈಕಲ್ಲೂ ಸೇರಿ 100 ಕಿಲೋ. ಊರಿನಿಂದ ಬೆಟ್ಟ ಸುಮಾರು 300 ಮೀಟರ್ ಎತ್ತರ. ಅಷ್ಟನ್ನು ಎತ್ತಲು ಬೇಕಾಗುವುದು 82 ವ್ಯಾಟ್ ಅವರ್. ಮೋಟಾರಿನಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿದರೂ ಅರ್ಧ ಬ್ಯಾಟರಿ ಸಾಕು. ಹಾಗೇ ಆಯ್ತು. ಆದರೆ ಕಡಿದಾದ ತಿರುವುಗಳಲ್ಲಿ ವೇಗ ಇಳಿದು, ಚಕ್ರದ ನಡುವೆಯೇ ಇರುವ ಹಬ್ ಮೋಟಾರ್ ಮುಟ್ಟಲಾರದಷ್ಟು ಬಿಸಿಯಾಯಿತು. ಎರಡು ಸಲ ನಿಂತು ಎಳನೀರು ಕುಡಿದೆ. ಈ ತೊಂದರೆಗೆ ಸೆನ್ಸಾರ್ ಯಾವುದಾದರೂ ಒಂದೇ. ಹಬ್ಬಿನ ಮೋಟಾರಿಗೆ ಸೈಕಲ್ಲಿನ ಗೇರಿನ ಉಪಕಾರ ಸಿಗುವುದಿಲ್ಲ. ಪೆಡಲ್ ಹತ್ತಿರವೇ ಮೋಟಾರ್ ಇರುವ ಸೈಕಲ್ ಆದರೆ ಸಿಗುತ್ತದೆ, ಬೆಲೆ ಮಾತ್ರ ನನ್ನ ಕೈಗೆಟಕುವುದಿಲ್ಲ.

ಹೊಸದರಲ್ಲಿ ಕೊಂಕಿಲ್ಲ ಅಂತಲ್ಲ. ಮೊದಲ ವಾರ ಕೆಲವು ದಿನ ಜೀವವೇ ಇಲ್ಲದ ಹಾಗೆ ಓಡುತ್ತಿತ್ತು. ಮೆಕ್ಯಾನಿಕ್ ನೋಡಿ ನಕ್ಕರು. ನಾನು ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಸ್ವಿಚ್ ಆನ್ ಮಾಡುತ್ತಿದ್ದೆ. ಆನ್ ಆದ ಕ್ಷಣದಲ್ಲಿ ಇರುವ ಭಾರವನ್ನೇ ಅದು ಸೊನ್ನೆ ಅಂದುಕೊಳ್ಳುತ್ತದಂತೆ. ಈಗ ಕಾಲು ತೆಗೆದು ಆನ್ ಮಾಡುತ್ತೇನೆ. ರಿಪೇರಿ ಇನ್ನೊಂದು ಚಿಂತೆ. ಹೆಂಡತಿಯ ಸೈಕಲ್ಲಿನ ಸೆನ್ಸಾರ್ ಮಳೆಗಾಲದಲ್ಲಿ ಕೆಸರು ಮೆತ್ತಿ ಜರುಗಿತ್ತು. ಒರೆಸಿ, ಹತ್ತಿರ ಸರಿಸಿ, ಎಂ-ಸೀಲ್ ಹಚ್ಚಿದೆ, ಹತ್ತು ನಿಮಿಷದ ಕೆಲಸ. ನನ್ನದು ಕೆಟ್ಟರೆ ಆಕ್ಸಲ್ಲೇ ಬಿಚ್ಚಬೇಕು, ಸಾಮಾನು ಕಂಪನಿಯಿಂದಲೇ ಬರಬೇಕು.

ಇನ್ನು ಮಂಡಿ. ಟಾರ್ಕ್ ಸೆನ್ಸಾರ್ ಒತ್ತಿದಷ್ಟೇ ಕೊಡುತ್ತದೆ, ಅಂದರೆ ಒತ್ತಲೇಬೇಕು. ಸಣ್ಣ ಗೇರ್ ಹಾಕಿ, ಲೆವೆಲ್ ಏರಿಸಿ, ಹಗುರವಾಗಿ ಬೇಗ ಬೇಗ ತುಳಿದರೆ ಸಾಮಾನ್ಯ ದಿನಗಳಲ್ಲಿ ಏನೂ ಆಗುವುದಿಲ್ಲ. ಕಳೆದ ತಿಂಗಳು ಮಂಡಿ ಊದಿಕೊಂಡಿತ್ತು. ಶಾಲೆಯಲ್ಲಿ ಪರೀಕ್ಷೆ, ರಜೆ ಹಾಕುವ ಹಾಗಿಲ್ಲ. ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ‘ನಿನ್ನ ಸೈಕಲ್ ಕೀ ಎಲ್ಲೇ?’ ಅಂದೆ.

‘ಯಾಕ್ರೀ, ನಿಮ್ಮ ಟಾರ್ಕ್ ಏನಾಯ್ತು?’ ಅಂದಳು. ಕೀ ಕೊಟ್ಟಳು, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಅಂತ ಚೀಲವನ್ನೂ ಕೊಟ್ಟಳು.