ಸಿ ಲ್ಯಾಬ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳೋದು, ಹೇಗೆ ಕೇಳೋದು

ಇಂಜಿನಿಯರಿಂಗ್ ಮೊದಲ ವರ್ಷ, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಸಿ ಪ್ರೋಗ್ರಾಮಿಂಗ್ ಲ್ಯಾಬ್. ಅಕ್ಕಪಕ್ಕದವರು ಟಕಟಕ ಅಂತ ಟೈಪ್ ಮಾಡುತ್ತಿದ್ದಾರೆ, ನಿಮ್ಮ ಸ್ಕ್ರೀನ್ ತುಂಬಾ ಎರರ್. ಮೇಡಂ ಹಾದು ಹೋಗುತ್ತಾ "ಆಯ್ತಾ?" ಅನ್ನುತ್ತಾರೆ. ನೀವು ಹೂಂ ಅಂತ ತಲೆ ಅಲ್ಲಾಡಿಸುತ್ತೀರಿ. ಏನೂ ಆಗಿರುವುದಿಲ್ಲ. ನಾನೂ ಆರು ವಾರ ಹಾಗೇ ತಲೆ ಅಲ್ಲಾಡಿಸಿದವನು. ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಕೈಗೆ ಬಂದ ಮೇಲೆ ಬಾಯಿ ಬಿಟ್ಟೆ.

ಕಾಲೇಜಿನಲ್ಲಿ ಹೇಳಿಕೊಡುವವರಿಗೆ ಅಂಥ ಬರ ಏನಿಲ್ಲ. ಕಷ್ಟ ಇರೋದು ನಾವು ಕೇಳುವ ರೀತಿಯಲ್ಲಿ. "ಸರ್, ಔಟ್‌ಪುಟ್ ಬರ್ತಿಲ್ಲ" ಅಂದರೆ ಅವರಾದರೂ ಏನು ಮಾಡಬೇಕು? ಡಾಕ್ಟರ್ ಹತ್ತಿರ ಹೋಗಿ "ಹುಷಾರಿಲ್ಲ" ಅಂತ ಹೇಳಿ ಸುಮ್ನೆ ಕೂತ ಹಾಗಾಯಿತು.

ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. 2022ರ ಸ್ಕೀಮ್‌ನಲ್ಲಿ (ವಿಟಿಯು ಆ ವರ್ಷ ತಂದ ಸಿಲಬಸ್) ಸಿ ಓದಿದವರಿಗೆ ಗೊತ್ತಿರುವ ಕರೆಂಟ್ ಬಿಲ್ ಪ್ರೋಗ್ರಾಂ ಇದೆಯಲ್ಲ, ಅದು. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100 ಯೂನಿಟ್‌ಗೆ 90 ಪೈಸೆ, 300 ದಾಟಿದರೆ ಯೂನಿಟ್‌ಗೆ 1 ರೂಪಾಯಿ. ಮೀಟರ್ ಚಾರ್ಜ್ 100 ರೂಪಾಯಿ. ಒಟ್ಟು ಮೊತ್ತ 400 ರೂಪಾಯಿಗಿಂತ ಜಾಸ್ತಿ ಆದರೆ ಮೇಲೆ 15 ಪರ್ಸೆಂಟ್ ಸರ್‌ಚಾರ್ಜ್. (ಈ ದರದಲ್ಲಿ ನಿಜವಾಗಿ ಬಿಲ್ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ.) ನಿಮ್ಮ ಪ್ರೋಗ್ರಾಂ ರನ್ ಆಗುತ್ತದೆ, ಆದರೆ ಕೆಲವು ಸಲ ಉತ್ತರ ಸರಿ ಬರುತ್ತದೆ, ಕೆಲವು ಸಲ ಇಲ್ಲ. "ಬಿಲ್ ತಪ್ಪು ಬರ್ತಿದೆ ಮೇಡಂ" ಅಂತ ಓಡಬೇಡಿ. ಮೊದಲು ಒಂದು ಹಾಳೆ ತಗೊಳ್ಳಿ, ಕೈಯಲ್ಲೇ ಲೆಕ್ಕ ಹಾಕಿ. 350 ಯೂನಿಟ್ ಅಂದರೆ 160, 90, 50, ಸೇರಿ 300. ಮೀಟರ್ ಚಾರ್ಜ್ ಸೇರಿಸಿದರೆ ಸರಿಯಾಗಿ 400. 400ಕ್ಕಿಂತ ಜಾಸ್ತಿ ಇಲ್ಲ, ಹಾಗಾಗಿ ಸರ್‌ಚಾರ್ಜ್ ಇಲ್ಲ. ಈಗ ಪ್ರೋಗ್ರಾಂಗೆ 350 ಕೊಟ್ಟು ನೋಡಿ. 460 ಬಂತಾ?

ಈಗ ನಿಮ್ಮ ಪ್ರಶ್ನೆ ಹೀಗಾಯಿತು: "ಮೇಡಂ, 350 ಕೊಟ್ಟರೆ 400 ಬರಬೇಕು, ನಂದು 460 ಬರ್ತಿದೆ. 340 ಕೊಟ್ಟರೆ ಸರಿ ಬರುತ್ತೆ. ಸರ್‌ಚಾರ್ಜ್ ಇರುವ ಇಫ್‌ನಲ್ಲೇ ಏನೋ ಆಗಿದೆ ಅನ್ಸುತ್ತೆ." ಇಷ್ಟು ಹೇಳಿದರೆ ಮೇಡಂಗೆ ಅರ್ಧ ನಿಮಿಷದ ಕೆಲಸ. ನಿಜ ಹೇಳಬೇಕೆಂದರೆ ಈ ಮಾತು ಮುಗಿಸುವ ಮೊದಲೇ ನಿಮಗೇ ಹೊಳೆದಿರುತ್ತದೆ: > ಹಾಕುವ ಕಡೆ >= ಹಾಕಿದ್ದೀರಿ. ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಎಲ್ಲಿ ಅನುಮಾನ. ಈ ನಾಲ್ಕು ಇಟ್ಟುಕೊಂಡು ಹೋದರೆ ಸಿಡುಕು ಮೋರೆಯ ಸರ್ ಕೂಡ ಕುರ್ಚಿ ಎಳೆದು ಕೂರುತ್ತಾರೆ.

ಯಾರನ್ನಾದರೂ ಕೇಳುವ ಮೊದಲು ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಿಸುವ ಪ್ರೋಗ್ರಾಂ) ಏನು ಹೇಳುತ್ತಿದೆ ಅಂತ ಓದಿ. ಹತ್ತು ಎರರ್ ಬಂದರೆ ಹತ್ತು ತಪ್ಪು ಮಾಡಿದ್ದೀರಿ ಅಂತಲ್ಲ. ಒಂದು ಸೆಮಿಕೋಲನ್ ಬಿಟ್ಟುಹೋದರೂ ಉಳಿದದ್ದೆಲ್ಲ ಅದರ ಹಿಂದೆ ಸಾಲುಗಟ್ಟುತ್ತದೆ. ಮೊದಲನೆಯದನ್ನು ಮಾತ್ರ ನೋಡಿ. ಲೈನ್ ನಂಬರ್ ಕೊಟ್ಟಿರುತ್ತದೆ, ಆ ಸಾಲು ಮತ್ತು ಅದರ ಹಿಂದಿನ ಸಾಲು ನೋಡಿ, ಸರಿಮಾಡಿ, ಮತ್ತೆ ಕಂಪೈಲ್ ಮಾಡಿ. ಲ್ಯಾಬ್‌ನಲ್ಲಿ ಜಿಸಿಸಿ ಅನ್ನುವ ಕಂಪೈಲರ್ ಇದ್ದರೆ ಕಮಾಂಡ್‌ಗೆ 'ಡ್ಯಾಶ್ ವಾಲ್' (-Wall) ಸೇರಿಸಿಕೊಳ್ಳಿ, ಡಬ್ಲ್ಯೂ ಮಾತ್ರ ಕ್ಯಾಪಿಟಲ್. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ & ಮರೆತಿದ್ದರೆ, ಇಫ್ ಒಳಗೆ == ಬದಲು = ಹಾಕಿದ್ದರೆ ಅದು ಎಚ್ಚರಿಸುತ್ತದೆ. ಇದನ್ನು ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಷ್ಟೋ ಸಂಜೆ ಉಳಿಯುತ್ತಿತ್ತು.

ಇನ್ನು ಯಾರನ್ನು ಕೇಳೋದು. ಎಲ್ಲರೂ ಮರೆಯುವ ಒಬ್ಬರಿದ್ದಾರೆ: ಲ್ಯಾಬ್ ಇನ್‌ಸ್ಟ್ರಕ್ಟರ್. ಥಿಯರಿ ಪಾಠ ಮಾಡುವವರು ಅವರಲ್ಲ, ಆದರೆ ಆ ಲ್ಯಾಬಿನ ಒಂದೊಂದು ಸಿಸ್ಟಂ ಚಾಳಿಯೂ ಅವರಿಗೆ ಗೊತ್ತು. ಕ್ವಾಡ್ರಾಟಿಕ್ ಈಕ್ವೇಶನ್ ಪ್ರೋಗ್ರಾಂ ಬರೆದ ದಿನ ನಂದು ಪೂರ್ತಿ ಸರಿಯಿತ್ತು, ಮ್ಯಾತ್ ಹೆಡರ್ ಕೂಡ ಹಾಕಿದ್ದೆ, ಆದರೂ ಸ್ಕ್ವೇರ್ ರೂಟ್ ಫಂಕ್ಷನ್ ಹೆಸರು ಹಿಡಿದು 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ಎರರ್. ಮುಕ್ಕಾಲು ಗಂಟೆ ಒದ್ದಾಡಿದೆ. ಇನ್‌ಸ್ಟ್ರಕ್ಟರ್ ಬಂದವರೇ ಕಮಾಂಡಿನ ಕೊನೆಗೆ 'ಡ್ಯಾಶ್ ಎಲ್ ಎಂ' (-lm) ಅಂತ ಹೊಡೆದು ಹೋದರು. ಲಿನಕ್ಸ್‌ನಲ್ಲಿ ಜಿಸಿಸಿಗೆ ಮ್ಯಾತ್ ಲೈಬ್ರರಿಯನ್ನು ಹೀಗೆ ಬೇರೆಯಾಗಿ ಜೋಡಿಸಬೇಕು. ಹೆಡರ್ ಹಾಕಿದರೆ ಫಂಕ್ಷನ್ ಹೇಗಿದೆ ಅಂತ ಮಾತ್ರ ಕಂಪೈಲರ್‌ಗೆ ಗೊತ್ತಾಗುತ್ತದೆ, ಫಂಕ್ಷನ್ ಒಳಗೆ ಬರುವುದಿಲ್ಲ. ಇಂಥದ್ದು ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ತಲೆ ಚಚ್ಚಿಕೊಂಡರೂ ಹೊಳೆಯದು. ಹಾಗಾಗಿ ನನ್ನ ಲೆಕ್ಕ ಇಷ್ಟು: ಲಾಜಿಕ್ ತಪ್ಪಾಗಿದ್ದರೆ ಅರ್ಧ ಗಂಟೆ ನೀವೇ ಒದ್ದಾಡಿ, ಸಿಸ್ಟಂ ಅಥವಾ ಕಮಾಂಡ್ ತಕರಾರಾದರೆ ಹತ್ತು ನಿಮಿಷದಲ್ಲೇ ಕೈ ಎತ್ತಿ.

ಸೀನಿಯರ್‌ಗಳನ್ನು ಕೇಳಿ, ತಪ್ಪೇನಿಲ್ಲ. ಆದರೆ "ಅಣ್ಣ, ನಿಮ್ಮ ರೆಕಾರ್ಡ್ ಕೊಡಿ" ಅಂತ ಕೇಳಬೇಡಿ. "ಅಣ್ಣ, ಬೈನರಿ ಸರ್ಚ್‌ನಲ್ಲಿ ಮಿಡ್ ಯಾಕೆ ಬದಲಾಗುತ್ತೆ, ಒಂದ್ಸಲ ಬರೆದು ತೋರಿಸ್ತೀರಾ?" ಅಂತ ಕೇಳಿ. ರೆಕಾರ್ಡ್ ನೋಡಿ ಬರೆದವರನ್ನು ವೈವಾದಲ್ಲಿ ಹಿಡಿಯುವುದು ಬಹಳ ಸುಲಭ, "ಈ ಬ್ರೇಕ್ ತೆಗೆದರೆ ಏನಾಗುತ್ತೆ?" ಅಂದರೆ ಸಾಕು.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು, ನಾನೂ ನಿಮ್ಮ ಕಡೆಯವನೇ. ನನಗೆ ಲೂಪ್ ಅರ್ಥವಾಗಿತ್ತು, ಅದರ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಕನ್ನಡದಲ್ಲೇ ಕೇಳಿ. ಲೂಪ್, ಅರೇ, ಪಾಯಿಂಟರ್ ಅನ್ನುವ ಪದ ಹೇಗೂ ಇಂಗ್ಲಿಷಿನವೇ ಇರುತ್ತವೆ, ಉಳಿದದ್ದು ಕನ್ನಡ. ಕ್ಲಾಸಿನಲ್ಲಿ ನಾಚಿಕೆ ಆದರೆ ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ. ಮೇಷ್ಟ್ರಿಗೆ ಕನ್ನಡ ಬರದಿದ್ದರೆ ಹಾಳೆಯ ಮೇಲೆ ಡ್ರೈ ರನ್ ಮಾಡಿ ತೋರಿಸಿ: ಐ ಬೆಲೆ 0, 1, 2 ಅಂತ ಒಂದು ಕಾಲಂ, ಪಕ್ಕದಲ್ಲಿ ಸಮ್ ಬೆಲೆ. ಎಲ್ಲಿ ಗೊಂದಲವೋ ಅಲ್ಲಿ ಸುತ್ತು ಹಾಕಿ. ಅದಕ್ಕೆ ಭಾಷೆ ಜಾಸ್ತಿ ಬೇಕಾಗಿಲ್ಲ. ಮನೆಯಲ್ಲಿ ಕೂತು ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ ಪಾಠಗಳು ಕನ್ನಡ ಧ್ವನಿಯಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. ಪಾಯಿಂಟರ್ ಬಂದಾಗ ಪೈಥಾನ್ ಟ್ಯೂಟರ್ ಅನ್ನೋದನ್ನು ತೆರೆಯಿರಿ, ಹೆಸರು ಹಾಗಿದ್ದರೂ ಸಿ ಕೂಡ ನಡೆಯುತ್ತದೆ. ಸ್ವಾಪ್ ಪ್ರೋಗ್ರಾಂ ಹಾಕಿ ಒಂದೊಂದೇ ಹೆಜ್ಜೆ ಒತ್ತಿದರೆ ಯಾವ ಬಾಣ ಯಾವ ಡಬ್ಬಿಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಎಐ ಬಗ್ಗೆ. ಬಳಸಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಗೊತ್ತು. ಬಳಸುವುದಾದರೆ ಹೀಗೆ ಹೇಳಿ: "ಪೂರ್ತಿ ಪ್ರೋಗ್ರಾಂ ಬರೆದುಕೊಡಬೇಡ. ನನ್ನ ತಪ್ಪು ಯಾವ ಸಾಲಿನ ಹತ್ತಿರ ಇದೆ ಅಂತ ಸುಳಿವು ಮಾತ್ರ ಕೊಡು, ಕನ್ನಡದಲ್ಲಿ ಹೇಳು." ಅದು ಕೆಲವೊಮ್ಮೆ ತಪ್ಪನ್ನೂ ಗಟ್ಟಿಯಾಗೇ ಹೇಳುತ್ತದೆ, ಹೇಳಿದ್ದನ್ನು ರನ್ ಮಾಡಿ ನೋಡದೆ ನಂಬಬೇಡಿ.

ಓದಿನದ್ದಲ್ಲದ ತೊಂದರೆಗೆ, ಅಂದರೆ ಜ್ವರ, ಮನೆಯ ಸಮಸ್ಯೆ, ಹಾಸ್ಟೆಲ್ ಸರಿಹೋಗದಿರುವುದು, ಇದಕ್ಕೆಲ್ಲ ಪ್ರಾಕ್ಟರ್, ಅಂದರೆ ನಿಮ್ಮ ಕಷ್ಟಸುಖ ನೋಡಿಕೊಳ್ಳಲು ಕಾಲೇಜು ಗೊತ್ತುಮಾಡಿದ ಮೇಷ್ಟ್ರು, ಇದ್ದಾರೆ. ಹಾಜರಿ 85 ಪರ್ಸೆಂಟ್ ಬೇಕು. 50ಕ್ಕೆ ಇರುವ ಸಿಐಇನಲ್ಲಿ, ಅಂದರೆ ಇಂಟರ್ನಲ್ಸ್ ಮಾರ್ಕ್ಸ್‌ನಲ್ಲಿ, ಕಡಿಮೆ ಅಂದರೆ 20 ಬರಬೇಕು. ಸೆಮಿಸ್ಟರ್ ಕೊನೆಯಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಿ ನಿಲ್ಲುವ ಬದಲು ರಜೆ ಹಾಕಿದ ವಾರವೇ ಹೋಗಿ ಹೇಳಿ, ಮೆಡಿಕಲ್ ಸರ್ಟಿಫಿಕೇಟ್ ಆಗಲೇ ಕೊಡಿ.

ಯಾರಾದರೂ ಹೇಳಿಕೊಟ್ಟ ಮೇಲೆ ಆ ಫೈಲ್ ಮುಚ್ಚಿ, ಮಾರನೇ ದಿನ ಖಾಲಿ ಸ್ಕ್ರೀನ್‌ನಲ್ಲಿ ಅದೇ ಪ್ರೋಗ್ರಾಂ ಮತ್ತೆ ಬರೆಯಿರಿ. ಬರೆಯಲು ಬರದಿದ್ದರೆ ಇನ್ನೂ ಅರ್ಥವಾಗಿಲ್ಲ, ಮತ್ತೆ ಹೋಗಿ ಕೇಳಿ. ಸಿಕ್ಕಿದ ತಪ್ಪನ್ನು ಅಬ್ಸರ್ವೇಶನ್ ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಸಾಲು ಬರೆದಿಡಿ. ಸೆಮಿಸ್ಟರ್ ಮುಗಿದಾಗ ನಂದು ಎಣಿಸಿ ನೋಡಿದೆ. 'ಸ್ಕ್ಯಾನ್‌ಎಫ್‌ನಲ್ಲಿ & ಮರೆತೆ' ಅಂತ 11 ಸಲ ಬರೆದುಕೊಂಡಿದ್ದೆ.